ಈ ವರ್ಷ ನಮ್ಮವರು ಸೋಲುತ್ತಾರೆ

ನಾನು ಚರಿತ್ರೆ ಮೇಷ್ಟ್ರು. ನಡೆದುಹೋದದ್ದನ್ನು ಹೇಳುವುದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು. ಮುಂದೆ ನಡೆಯುವುದನ್ನು ಹೇಳು ಎಂದು ಯಾರೂ ಕೇಳಿರಲಿಲ್ಲ; ಆ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡೆ. ಸಂಬಳದ ಕೆಲಸಕ್ಕಿಂತ ಬಿಟ್ಟಿ ಕೆಲಸದಲ್ಲಿ ಮನುಷ್ಯನಿಗೆ ಶ್ರದ್ಧೆ ಹೆಚ್ಚು. ಪಾಠದ ಟಿಪ್ಪಣಿ ಬರೆಯುವುದಕ್ಕೆ ಆಕಳಿಸುತ್ತಿದ್ದ ನಾನು, ಬಾಲ್ ಬ್ಯಾಡ್ಮಿಂಟನ್ ಪಂದ್ಯಗಳ ಭವಿಷ್ಯ ಬರೆಯುವಾಗ ಮಾತ್ರ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ನನ್ನ ಹೆಂಡತಿ ಇದನ್ನು ಕಾಯಿಲೆ ಎಂದು ತೀರ್ಮಾನಿಸಿ ಸುಮ್ಮನಾಗಿದ್ದಳು.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಸಂಕ್ರಾಂತಿ ಕಳೆದು ರಾಗಿ ಕಣಗಳು ಖಾಲಿಯಾದವೆಂದರೆ ನಮ್ಮ ಸೀಮೆಯ ಊರೂರಲ್ಲೂ ಎರಡು ಗೂಟ ಹೂತು, ನಡುವೆ ಬಲೆಯ ನೆಟ್ಟು ಕಟ್ಟಿ, ಸುಣ್ಣದ ಗೆರೆ ಎಳೆದುಬಿಡುತ್ತಿದ್ದರು. ಈ ಕಡೆ ಐವರು, ಆ ಕಡೆ ಐವರು, ನಡುವೆ ಹಾರಾಡುವ ಒಂದು ಹಳದಿ ಉಲ್ಲನ್ ಚೆಂಡು. ಆಟ ಇಷ್ಟೇ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ನಾನಿದ್ದ ಶಿಡ್ಲಘಟ್ಟ, ಈ ನಾಲ್ಕು ಊರುಗಳ ನಡುವೆ ಒಂದು ಷೀಲ್ಡಿಗಾಗಿ ವರ್ಷವರ್ಷವೂ ಹೋರಾಟ. ಗೆದ್ದ ಊರು ಷೀಲ್ಡನ್ನು ಒಂದು ವರ್ಷ ಇಟ್ಟುಕೊಂಡು, ಹುಣಸೆಹಣ್ಣು ಹಾಕಿ ತಿಕ್ಕಿ, ಮತ್ತೆ ತಂದೊಪ್ಪಿಸಬೇಕು. ಮೂರು ವರ್ಷ ಒಂದೇ ಸಮನೆ ಗೆದ್ದವರಿಗೆ ಅದು ಶಾಶ್ವತವಾಗಿ ಸ್ವಂತ. ಹಾಗೆ ಯಾರೂ ಗೆದ್ದಿರಲಿಲ್ಲ.

ಪಂದ್ಯಗಳು ಶುರುವಾಗುವುದಕ್ಕೆ ಒಂದು ತಿಂಗಳ ಮೊದಲು ಚಿಕ್ಕಬಳ್ಳಾಪುರದಲ್ಲಿ ಅಚ್ಚಾಗುತ್ತಿದ್ದ ಒಂದು ವಾರಪತ್ರಿಕೆಯಲ್ಲಿ ನನ್ನ ಲೇಖನ ಬರುತ್ತಿತ್ತು. ಯಾವ ತಂಡದ ಬಲವೇನು, ಯಾವುದರ ದೌರ್ಬಲ್ಯವೇನು, ಈ ಸಲ ಷೀಲ್ಡು ಯಾರಿಗೆ ಎಂದು ಅದರಲ್ಲಿ ವಿವರಿಸುತ್ತಿದ್ದೆ. ಚಿಕ್ಕಬಳ್ಳಾಪುರದವರಿಗೆ ನಂದಿಬೆಟ್ಟದ ಗಾಳಿಯಲ್ಲಿ ಆಡಿ ಅಭ್ಯಾಸವಾದ್ದರಿಂದ ಎಂಥ ಗಾಳಿಗೂ ಅಂಜುವುದಿಲ್ಲ; ಆದರೆ ಗಾಳಿಯೇ ಇಲ್ಲದ ದಿನ ಏನು ಮಾಡುವುದೆಂದು ಅವರಿಗೆ ತೋಚುವುದಿಲ್ಲ. ಗೌರಿಬಿದನೂರು ನನ್ನ ಹುಟ್ಟೂರಿನ ಪಕ್ಕದ್ದು. ಆದ್ದರಿಂದ ಅವರ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಾಗಿರಲು ಹೋಗಿ ಯಾವಾಗಲೂ ಅನ್ಯಾಯ ಮಾಡುತ್ತಿದ್ದೆ. ಚಿಂತಾಮಣಿಯವರು ಮಂಡಿ ವ್ಯಾಪಾರದ ಊರಿನವರು. ಅಂಪೈರಿನ ಜೊತೆಗೂ ಚೌಕಾಸಿ ಮಾಡಿ ಒಂದೆರಡು ಪಾಯಿಂಟು ಗಿಟ್ಟಿಸಬಲ್ಲರು. ಹೀಗೆಲ್ಲ ಬರೆಯುತ್ತಿದ್ದೆ. ಓದಲು ಸೊಗಸಾಗಿರುತ್ತಿತ್ತು ಎಂದು ಈಗಲೂ ನನಗನಿಸುತ್ತದೆ. ನಿಜವಾಗುತ್ತಿರಲಿಲ್ಲ, ಅಷ್ಟೇ.

ಒಂದು ವರ್ಷ ಚಿಕ್ಕಬಳ್ಳಾಪುರ ಎಂದು ಬರೆದೆ, ಶಿಡ್ಲಘಟ್ಟ ಗೆದ್ದಿತು. ಮರುವರ್ಷ ಎದೆ ಗಟ್ಟಿ ಮಾಡಿಕೊಂಡು ಗೌರಿಬಿದನೂರು ಎಂದೆ. ಮತ್ತೆ ಶಿಡ್ಲಘಟ್ಟವೇ ಗೆದ್ದಿತು. ಹುಟ್ಟೂರಿನ ಕಡೆಯವರು ನನ್ನಿಂದಲೇ ಸೋತೆವೆಂದು ಮದುವೆಮನೆಯಲ್ಲಿ ನನ್ನ ಎಲೆಗೆ ಹೋಳಿಗೆ ಬಡಿಸದೆ ಮುಂದೆ ಹೋದರು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲವೆಂದು ನಾನು ಚರಿತ್ರೆಯನ್ನು ನೆನೆದು ಸಮಾಧಾನ ಮಾಡಿಕೊಂಡೆ. ಯುದ್ಧಕ್ಕೆ ಹೊರಟ ರಾಜರೆಲ್ಲ ಜೋಯಿಸರನ್ನು ಕೇಳಿಯೇ ಹೊರಟವರು. ಇಬ್ಬರು ರಾಜರ ಜೋಯಿಸರೂ ಗೆಲುವು ನಿಮ್ಮದೇ ಎಂದಿರುತ್ತಾರೆ. ಅವರಲ್ಲಿ ಒಬ್ಬನ ಮಾತು ಸುಳ್ಳಾಗಲೇಬೇಕು. ಚಿಂತಾಮಣಿ ಪಕ್ಕದ ಅಂಬಾಜಿದುರ್ಗದ ಮೇಲೆ ಕೋಟೆ ಕಟ್ಟಿದವನಿಗೂ ಇದನ್ನು ಯಾರೂ ಹಿಡಿಯಲಾರರೆಂದು ಒಬ್ಬ ಹೇಳಿಯೇ ಇರಬೇಕು. ಈಗ ಅಲ್ಲಿ ಮೇಕೆಗಳು ಯಾರನ್ನೂ ಕೇಳದೆ ಒಳಗೆ ಹೋಗಿ ಬರುತ್ತವೆ.

ಮೂರನೆಯ ವರ್ಷ ಬಂತು. ಷೀಲ್ಡು ಶಿಡ್ಲಘಟ್ಟದಲ್ಲೇ ಉಳಿಯುತ್ತದೆಯೋ ಇಲ್ಲವೋ ಎಂಬುದು ಈ ಸಲ ತೀರ್ಮಾನವಾಗಬೇಕು. ನಮ್ಮ ತಂಡದ ಕ್ಯಾಪ್ಟನ್ ಆಂಜಿನಪ್ಪ. ಊರಂಚಿನಲ್ಲಿ ಅವನಿಗೆ ಹಿಪ್ಪುನೇರಳೆ ತೋಟ, ಮನೆಯಲ್ಲಿ ರೇಷ್ಮೆಹುಳು ಸಾಕಣೆ. ಬೆಳಗಿನ ಹೊತ್ತು ಹುಳುಗಳಿಗೆ ಸೊಪ್ಪು ಹಾಕಿ, ಸಂಜೆ ಬ್ಯಾಟು ಹಿಡಿದು ಬರುತ್ತಿದ್ದ. ಪಟ್ಟಣಗಳಲ್ಲಿ ಆಟವನ್ನೇ ವೃತ್ತಿ ಮಾಡಿಕೊಂಡವರು ಇರುತ್ತಾರಂತೆ. ನಮ್ಮವರ ವೃತ್ತಿ ಹುಳುವಿನದು. ಹುಳು ಬಿಡುವು ಕೊಟ್ಟಾಗ ಮಾತ್ರ ಆಟ. ಆಂಜಿನಪ್ಪನಿಗೆ ಮೂವತ್ತು ದಾಟಿ ನಾಲ್ಕಾರು ವರ್ಷವಾಗಿತ್ತು. ಒಂದು ಸಂಜೆ ಆಟ ಮುಗಿದ ಮೇಲೆ ಮಂಡಿ ನೀವಿಕೊಳ್ಳುತ್ತ ಹೇಳಿದ, "ಇದೇ ಕೊನೆ ವರ್ಷ ಮೇಷ್ಟ್ರೇ. ಷೀಲ್ಡು ಊರಲ್ಲಿ ನಿಂತುಬಿಟ್ರೆ ಸಾಕು, ಬ್ಯಾಟು ಅಟ್ಟಕ್ಕೆ ಹಾಕ್ಬಿಡ್ತೀನಿ. ಗೆಲ್ಲಲಿಲ್ಲ ಅಂದ್ರೂ ಹಾಕ್ಲೇಬೇಕು, ಆದ್ರೆ ಆಗ ಹೊಟ್ಟೆ ಉರೀತದೆ."

ಆ ಮಾತು ಕೇಳಿ ನನಗೂ ಏನೋ ಆಯಿತು. ಶಿಡ್ಲಘಟ್ಟಕ್ಕೆ ವರ್ಗವಾಗಿ ಬಂದಾಗಿನಿಂದ ನನ್ನ ಸಂಜೆಗಳೆಲ್ಲ ಆ ಮೈದಾನದ ಬೇಲಿಯ ಪಕ್ಕದಲ್ಲೇ ಕಳೆದಿದ್ದವು. ನನಗೆ ಆಡಲು ಬರುವುದಿಲ್ಲ. ಒಮ್ಮೆ ಬ್ಯಾಟು ಹಿಡಿದು ಬೀಸಿದಾಗ ಚೆಂಡು ಇದ್ದಲ್ಲೇ ಇತ್ತು, ನನ್ನ ಕನ್ನಡಕ ಮಾತ್ರ ನೆಟ್ಟಿನಾಚೆ ಹೋಗಿ ಬಿತ್ತು. ಆದರೂ ಆ ಐವರು ನನ್ನವರು ಎಂಬ ಭಾವನೆ ಬೆಳೆದುಬಿಟ್ಟಿತ್ತು. ಈ ಸಲ ಧೈರ್ಯವಾಗಿ, ಶಿಡ್ಲಘಟ್ಟವೇ ಗೆಲ್ಲುತ್ತದೆ, ಷೀಲ್ಡು ಇಲ್ಲೇ ಉಳಿಯುತ್ತದೆ ಎಂದು ಬರೆಯುವುದೆಂದು ನಿಶ್ಚಯಿಸಿದೆ. ನಿಶ್ಚಯಿಸಿದವನು ಸುಮ್ಮನಿರದೆ ಕಾಫಿ ಹೋಟೆಲಿನಲ್ಲಿ ಹೇಳಿಯೂ ಹೇಳಿದೆ.

ಮಾರನೆಯ ದಿನ ಬೆಳಿಗ್ಗೆ ಆಂಜಿನಪ್ಪನ ತಾಯಿ ಮುನಿಯಮ್ಮ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ಹಿಂದೆ ಮಗ, ತಲೆ ತಗ್ಗಿಸಿಕೊಂಡು.

"ಮೇಷ್ಟ್ರಪ್ಪಾ, ನಮ್ ಹುಡುಗ್ರು ಗೆಲ್ತಾರೆ ಅಂತ ಪೇಪರ್ನಾಗೆ ಬರೀತೀರಂತೆ? ನಿಜವೇ?"

ಹೌದಮ್ಮ, ಎಂದೆ, ಹೊಗಳಿಕೆ ಬರುತ್ತದೆಂದು ಕಾಯುತ್ತ.

"ನಿಮ್ಗೆ ಕೈ ಮುಗೀತೀನಿ, ಬರೀಬೇಡಿ."

ಇಲ್ಲಿ ಒಂದು ಮಾತು ವಿವರಿಸಬೇಕು. ರೇಷ್ಮೆ ಸಾಕುವವರ ಮನೆಗೆ ನೀವು ಹೋಗಿ, ಬೆಳೆ ಹೇಗಿದೆ ಎಂದು ಕೇಳಿದರೆ ಅವರು ಚೆನ್ನಾಗಿದೆ ಎಂದು ಎಂದಿಗೂ ಹೇಳುವುದಿಲ್ಲ. ತಟ್ಟೆ ತುಂಬ ಹುಳುಗಳು ಬೆರಳು ಗಾತ್ರಕ್ಕೆ ಬೆಳೆದು, ಸೊಪ್ಪು ಮೇಯುವ ಸದ್ದು ಜಡಿಮಳೆಯ ಹಾಗೆ ಕೇಳಿಸುತ್ತಿದ್ದರೂ, "ಏನೋ ಇವೆ" ಎನ್ನುತ್ತಾರೆ. ನೀವು ಪರವಾಗಿಲ್ಲವಲ್ಲ ಎಂದು ಬೆರಗುಪಟ್ಟರೆ, "ಎಲ್ಲಿ, ಅರ್ಧಕ್ಕರ್ಧ ಹೋಗ್ತವೆ ಅನ್ಸುತ್ತೆ" ಎಂದು ಮುಖ ಸಣ್ಣಗೆ ಮಾಡುತ್ತಾರೆ. ಹುಳು ಗೂಡು ಕಟ್ಟಿ, ಅದನ್ನು ಬಿಡಿಸಿ ಮಾರಿ ಬರುವವರೆಗೂ ಅವರ ಬಾಯಲ್ಲಿ ಒಳ್ಳೆಯ ಮಾತು ಬರುವುದಿಲ್ಲ. ಹೇಳಿದರೆ ದೃಷ್ಟಿಯಾಗುತ್ತದೆ. ನಾನು ಕಡಲೆಕಾಯಿ ಬೆಳೆಯುವ ಕಡೆಯಿಂದ ಬಂದವನು. ನಮ್ಮಲ್ಲಿ ಬೆಳೆ ನೆಲದೊಳಗೆ ಅಡಗಿರುವುದರಿಂದ ಕೀಳುವವರೆಗೂ ಎಷ್ಟು ಬೇಕಾದರೂ ಕೊಚ್ಚಿಕೊಳ್ಳಬಹುದು, ಯಾರ ಕಣ್ಣೂ ಅಲ್ಲಿಗೆ ತಲುಪುವುದಿಲ್ಲ. ಹೀಗಾಗಿ ಭವಿಷ್ಯ ನುಡಿಯುವ ಚಟ ಇಟ್ಟುಕೊಂಡವನು ಬಂದು ಬಿದ್ದದ್ದು, ಭವಿಷ್ಯದ ಬಗ್ಗೆ ಬಾಯಿಬಿಡದವರ ಊರಿನಲ್ಲಿ.

"ಹುಳಕ್ಕೇ ನಾವು ಚೆನ್ನಾಗೈತೆ ಅನ್ನಲ್ಲ," ಮುನಿಯಮ್ಮ ಹೇಳಿದರು. "ಹೊಟ್ಟೇಲಿ ಹುಟ್ಟಿದ್ ಮಕ್ಕಳಿಗೆ ಅಂತೀವಾ? ಅದೂ ಅಚ್ಚು ಹಾಕ್ಸಿ, ನಾಕೂರಿಗೆ ಹಂಚೋದಾ?"

ಹಾಗಾದರೆ ಏನೂ ಬರೆಯುವುದಿಲ್ಲ ಎಂದೆ. ಆಗ ಆಂಜಿನಪ್ಪ ಮೆಲ್ಲಗೆ ಕೆಮ್ಮಿದ. "ಅದಲ್ಲ ಮೇಷ್ಟ್ರೇ. ಎರಡು ವರ್ಷ ನೀವು ಬೇರೆಯೋರು ಗೆಲ್ತಾರೆ ಅಂತ ಬರೆದ್ರಿ, ನಾವು ಗೆದ್ವಿ. ಈ ವರ್ಷಾನೂ ಹಂಗೇ... ನಾವು ಸೋಲ್ತೀವಿ ಅಂತ ಬರ್ದುಬಿಡಿ. ಚೆನ್ನಾಗಿ ಬರೀರಿ. ನಿಮ್ಮ ಬಾಯಲ್ಲಿ ಬಂದ್ರೆ ಆಗಲ್ಲ ಅಂತ ಊರಿಗೆಲ್ಲ ನಂಬಿಕೆ ಐತೆ."

ಇಷ್ಟು ನಂಬಿಕೆಯನ್ನು ನನ್ನ ಮೇಲೆ ಯಾರೂ ಯಾವತ್ತೂ ಇಟ್ಟಿರಲಿಲ್ಲ. ಮರ್ಯಾದೆಯೋ ಅವಮಾನವೋ ತಿಳಿಯದೆ ಒಪ್ಪಿಕೊಂಡೆ. ಒಳಗಿನಿಂದ ನನ್ನ ಹೆಂಡತಿ ಮುನಿಯಮ್ಮನಿಗೆ ಕಾಫಿ ತಂದುಕೊಟ್ಟಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಕ್ಕುಬಿಡುತ್ತಿದ್ದಳು.

ಬರೆಯಲು ಕುಳಿತಾಗ ತೊಡಕು ಶುರುವಾಯಿತು. ಈ ವರ್ಷ ನಮ್ಮವರು ಸೋಲುತ್ತಾರೆ ಎಂದು ಒಂದು ವಾಕ್ಯ ಬರೆದು ಕೈ ತೊಳೆದುಕೊಳ್ಳಬಹುದಾಗಿತ್ತು. ಆದರೆ ನಾನು ಪ್ರತಿ ಪರೀಕ್ಷೆಯಲ್ಲೂ ಹುಡುಗರಿಗೆ 'ಸೋಲಿಗೆ ಕಾರಣಗಳನ್ನು ವಿವರಿಸಿ' ಎಂದು ಪ್ರಶ್ನೆ ಕೊಡುವವನು. ಕಾರಣ ಬರೆಯದವರಿಗೆ ಸೊನ್ನೆ ಹಾಕುವವನು. ಕಾರಣವಿಲ್ಲದ ಸೋಲನ್ನು ನನ್ನ ಹೆಸರಿನಲ್ಲಿ ಹೇಗೆ ಅಚ್ಚು ಹಾಕಿಸಲಿ? ಕಾರಣಗಳನ್ನು ಹುಡುಕಿದೆ. ಹುಡುಕಬೇಕಾಗಿಯೂ ಇರಲಿಲ್ಲ; ಬೇಲಿಯ ಪಕ್ಕ ನಿಂತು ನೋಡಿದ್ದೆಲ್ಲ ತಲೆಯೊಳಗೆ ತುಂಬಿಕೊಂಡಿತ್ತು. ಆಂಜಿನಪ್ಪನ ಎಡಗಡೆಗೆ, ಮಂಡಿಗಿಂತ ಕೆಳಗೆ ಚೆಂಡು ಬಂದರೆ ಅವನು ಕಾಲು ಹಾಕದೆ ಬರೀ ಭುಜ ಬಗ್ಗಿಸುತ್ತಾನೆ. ಹಿಂದೆ ನಿಲ್ಲುವ ಬಾಷಾ, ಎತ್ತರಕ್ಕೆ ಕೊಟ್ಟ ಚೆಂಡನ್ನು ಸೂರ್ಯನ ಎದುರು ನೋಡಲಾರ. ಮುಂದಿನ ಸಾಲಿನವರು ನೆಟ್ಟಿಗೆ ಅಂಟಿಕೊಂಡೇ ನಿಲ್ಲುತ್ತಾರೆ, ತಲೆಯ ಮೇಲೆ ಹೋದದ್ದು ಅವರ ಲೆಕ್ಕಕ್ಕಿಲ್ಲ. ಬರೆಯುತ್ತ ಬರೆಯುತ್ತ ಕೈ ನಿಲ್ಲಲಿಲ್ಲ. ನನ್ನ ಜನ್ಮದಲ್ಲೇ ಅಷ್ಟು ಚೆನ್ನಾಗಿ ನಾನು ಏನನ್ನೂ ಬರೆದಿರಲಿಲ್ಲ.

ಪತ್ರಿಕೆ ಬಂದ ದಿನ ಊರೆಲ್ಲ ಸಂತೋಷಪಟ್ಟಿತು. ಮುನಿಯಮ್ಮ ಯಾರಿಂದಲೋ ಓದಿಸಿ ಕೇಳಿ, "ಬಲೇ ಬೈದವ್ರೆ ಮೇಷ್ಟ್ರು" ಎಂದು ಮೆಚ್ಚಿ, ನಮ್ಮ ಮನೆಗೆ ಒಂದು ಪಡಿ ಅವರೆಕಾಳು ಕಳಿಸಿದರು. ಬೈಸಿಕೊಂಡವರ ಮನೆಯಿಂದ ಬಂದ ಅವರೆಕಾಳಿನ ಹುಳಿ ನಾವು ಮೂರು ಹೊತ್ತು ತಿಂದೆವು. ನಾಲ್ಕೂರಿಗೂ ಹೋಗುವ ಪತ್ರಿಕೆಯನ್ನು ಎದುರು ತಂಡದವರೂ ಓದುತ್ತಾರೆ ಎಂಬುದು ಮಾತ್ರ ನಮ್ಮಲ್ಲಿ ಯಾರ ತಲೆಗೂ ಹೊಳೆಯಲಿಲ್ಲ. ದೃಷ್ಟಿಯಾಗದಂತೆ ಕಾಯುವುದರಲ್ಲಿ ಎಲ್ಲರೂ ಅಷ್ಟು ಮುಳುಗಿಹೋಗಿದ್ದೆವು.

ಗೌರಿಬಿದನೂರು, ಚಿಕ್ಕಬಳ್ಳಾಪುರ ಎರಡೂ ಸೋತು ಮನೆಗೆ ಹೋದವು. ಫೈನಲ್ಲು ನಮಗೂ ಚಿಂತಾಮಣಿಗೂ, ಚಿಂತಾಮಣಿಯ ಮೈದಾನದಲ್ಲಿ. ನಮ್ಮ ಸೀಮೆಯ ಕಿರುಹಳಿಯ ಪುಟಾಣಿ ರೈಲಿನಲ್ಲಿ ಷೀಲ್ಡನ್ನು ಜಮಖಾನದಲ್ಲಿ ಸುತ್ತಿಕೊಂಡು ಹೋದೆವು. ಹಿಂದಕ್ಕೆ ತರುವುದು ಗ್ಯಾರಂಟಿ ಎಂದು ಒಳಗೊಳಗೆ ಎಲ್ಲರಿಗೂ ಇತ್ತು, ಬಾಯಿಬಿಟ್ಟು ಹೇಳುವವರಿರಲಿಲ್ಲ. ಸ್ಟೇಷನ್ನಿನಲ್ಲಿ ಇಳಿದರೆ ಚಿಂತಾಮಣಿಯ ಕ್ಯಾಪ್ಟನ್ ವೆಂಕಟರೆಡ್ಡಿ ಸ್ವತಃ ಬಂದು ನನ್ನ ಕೈ ಹಿಡಿದುಕೊಂಡ. "ನೀವೇನಾ ಸಾರ್ ಆ ಮೇಷ್ಟ್ರು? ಎಂತ ಬಾಗ ರಾಸಿನಾರು ಸಾರ್! ನಮ್ ಹುಡುಗ್ರು ಬಾಯಿಪಾಠ ಮಾಡವ್ರೆ." ಎಷ್ಟು ಚೆನ್ನಾಗಿ ಬರೆದಿರಿ ಎಂದು ತೆಲುಗಿನಲ್ಲಿ ಹೊಗಳುತ್ತ ಹೋಟೆಲಿಗೆ ಕರೆದುಕೊಂಡು ಹೋಗಿ ಉಪ್ಪಿಟ್ಟು, ಕಾಫಿ ಕೊಡಿಸಿದ. ಹೋಟೆಲಿನ ಗೋಡೆಗೆ ನನ್ನ ಲೇಖನ ಅಂಟಿಸಿದ್ದರು. ಬರೆಯುವವನಿಗೆ ಹೊಗಳಿಕೆ ಎಂಬುದು ಎಂಥ ಮಂಪರು ಕವಿಸುತ್ತದೆಂದರೆ, ಆ ಲೇಖನದ ಕೆಲವು ಸಾಲುಗಳ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದನ್ನು ಕಂಡು, ಪಾಪ, ಸಾಹಿತ್ಯಾಭಿಮಾನಿಗಳ ಊರು ಎಂದುಕೊಂಡೆ.

ಆಟ ಶುರುವಾಯಿತು. ಮೊದಲ ಚೆಂಡು ಆಂಜಿನಪ್ಪನ ಎಡಗಡೆ, ಮಂಡಿಯ ಕೆಳಗೆ ಬಂತು. ಭುಜ ಬಗ್ಗಿಸಿದ, ಹೋಯಿತು. ಎರಡನೆಯದೂ ಅಲ್ಲಿಗೇ. ಬಾಷಾನಿಗೆ ಮಾತ್ರ ಆಕಾಶದಷ್ಟು ಎತ್ತರಕ್ಕೆ, ಇಳಿಬಿಸಿಲಿಗೆ ಸರಿಯಾಗಿ ಎದುರಾಗಿ. ಮುಂದಿನ ಸಾಲಿನವರ ತಲೆಯ ಮೇಲೆ ಚೆಂಡುಗಳು ಹಾದುಹೋಗುತ್ತಲೇ ಇದ್ದವು. "ಎಡಮ ಪಕ್ಕಕಿ ಕೊಟ್ಟರಾ!" ಎಂದು ವೆಂಕಟರೆಡ್ಡಿ ಕೂಗುತ್ತಿದ್ದ. ಎಡಗಡೆಗೆ ಹೊಡಿ ಎನ್ನುವುದನ್ನು ತಿಳಿಯಲು ನನಗೆ ತೆಲುಗು ಬರಬೇಕಾಗಿರಲಿಲ್ಲ. ಅದು ನನ್ನದೇ ಲೇಖನದ ಎರಡನೆಯ ಪ್ಯಾರಾ. ಮೊದಲ ಗೇಮು ಮುಗಿಯುವ ಹೊತ್ತಿಗೆ ನಮ್ಮ ಐವರೂ ಒಬ್ಬರಾದ ಮೇಲೊಬ್ಬರು ನನ್ನ ಕಡೆ ತಿರುಗಿ ನೋಡಿದ್ದರು. ನಾನು ಅಂಬಾಜಿದುರ್ಗದ ಕಡೆ ನೋಡುತ್ತ ಕುಳಿತೆ.

ಎರಡನೆಯ ಗೇಮಿಗೆ ಅಂಕಣದ ಬದಿ ಬದಲಾಯಿತು, ಬಿಸಿಲು ಬೆನ್ನಿಗೆ ಬಿತ್ತು. ಆಂಜಿನಪ್ಪ ಹುಡುಗರನ್ನು ಗುಂಪು ಸೇರಿಸಿ ಏನೋ ಹೇಳಿದ. ಮುಂದಿನವರು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಅವನು ತಾನೇ ಎಡಕ್ಕೆ ಸರಿದು ನಿಂತು, ಎಡಗಡೆಗೆ ಬಂದ ಚೆಂಡಿಗೆಲ್ಲ ಕಾಲು ಹಾಕಿ ಬಗ್ಗಿದ. ಮಂಡಿ ನೋಯುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು, ಆದರೂ ಬಗ್ಗಿದ. ಗೇಮು ನಮ್ಮದಾಯಿತು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಒರೆಸಬೇಕಾಗಿದ್ದದ್ದು ಕನ್ನಡಕವನ್ನಲ್ಲ.

ಮೂರನೆಯ ಗೇಮಿನಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ಪಾಯಿಂಟು ಏರಿಸುತ್ತ ಕೊನೆಯವರೆಗೂ ಹೋದರು. ಭವಿಷ್ಯ ನುಡಿದ ಪ್ರತಿಯೊಬ್ಬನೂ ತನ್ನ ಮಾತು ನಿಜವಾಗಲೆಂದು ಬೇಡಿಕೊಳ್ಳುತ್ತಾನೆ. ನಾನು ಮಾತ್ರ ನನ್ನ ಮಾತು ಸುಳ್ಳಾಗಲಿ, ಈ ಸಲವೂ ಸುಳ್ಳಾಗಲಿ ಎಂದು ನಂದಿಯ ಭೋಗನಂದೀಶ್ವರನಿಗೆ ಹರಕೆ ಹೊತ್ತೆ. ಕೊನೆಯ ಚೆಂಡು ಬಂತು. ಅದೇನು ಗಟ್ಟಿ ಏಟಲ್ಲ. ವೆಂಕಟರೆಡ್ಡಿಯ ಬ್ಯಾಟಿನ ಅಂಚಿಗೆ ತಗುಲಿ, ಮೆತ್ತಗೆ, ಆಂಜಿನಪ್ಪನ ಬಲಗಡೆಗೆ ಬಂತು. ಜೀವಮಾನವೆಲ್ಲ ಅವನು ಕಣ್ಣು ಮುಚ್ಚಿ ಹೊಡೆದ ಕಡೆ. ಎಡಕ್ಕೆ ಬಾಗಿ ಕಾದಿದ್ದವನು ತಿರುಗುವಷ್ಟರಲ್ಲಿ ಹಳದಿ ಚೆಂಡು ನೆಲಕ್ಕೆ ಬಿದ್ದು ಧೂಳೆಬ್ಬಿಸಿತು.

ಅಲ್ಲಿಗೆ ನಾನು ಬರೆದ ಭವಿಷ್ಯ ಮೊಟ್ಟಮೊದಲ ಬಾರಿಗೆ ನಿಜವಾಯಿತು. ಆ ದಿನ ನನಗಾದಷ್ಟು ದುಃಖ ತಪ್ಪಾದ ಯಾವ ವರ್ಷವೂ ಆಗಿರಲಿಲ್ಲ. ಅದೂ ಸಾಲದೆಂಬಂತೆ ಷೀಲ್ಡು ಕೊಡುವಾಗ ವೆಂಕಟರೆಡ್ಡಿ ಎದ್ದು ನಿಂತು, ತಮ್ಮ ಗೆಲುವಿಗೆ ಶಿಡ್ಲಘಟ್ಟದ ಮೇಷ್ಟ್ರ ಋಣ ದೊಡ್ಡದು ಎಂದು ಸಭೆಯಲ್ಲಿ ಹೇಳಿ ನನಗೊಂದು ಸೇವಂತಿಗೆ ಹಾರ ಹಾಕಿದ. ವ್ಯಂಗ್ಯವಲ್ಲ, ಮನಸಾರೆ ಹಾಕಿದ. ಅದನ್ನು ತೆಗೆದು ಎಲ್ಲಿಡುವುದೆಂದು ಗೊತ್ತಾಗದೆ ಸ್ಟೇಷನ್ನಿನ ದಾರಿಯುದ್ದಕ್ಕೂ ಕಂಕುಳಲ್ಲಿ ಅದುಮಿಕೊಂಡು, ಎಲ್ಲರಿಗಿಂತ ಹಿಂದೆ ಬಂದೆ. ಎದುರಾದ ಒಂದು ಹಸು ಅದಕ್ಕೆ ಬಾಯಿ ಹಾಕಿ ನನ್ನನ್ನು ಉಳಿಸಿತು.

ಪ್ಲಾಟ್‌ಫಾರಂ ತುದಿಯಲ್ಲಿ, ಬೇವಿನ ಮರದ ಹಿಂದೆ ಒಂದು ಕಲ್ಲುಬೆಂಚಿತ್ತು. ಅಲ್ಲಿ ಕುಳಿತರೆ ಯಾರಿಗೂ ಕಾಣುವುದಿಲ್ಲವೆಂದು ಕುಳಿತೆ. ಸ್ವಲ್ಪ ಹೊತ್ತಿನಲ್ಲೇ ಆಂಜಿನಪ್ಪ ಕುಂಟುತ್ತ ಬಂದು ಪಕ್ಕದಲ್ಲಿ ಕೂತ. ಬ್ಯಾಟನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡ. ಬೈಯುತ್ತಾನೆ, ಬೈಯಲಿ, ಎಂದು ನಾನು ತಲೆ ಬಗ್ಗಿಸಿದೆ.

"ಮೇಷ್ಟ್ರೇ, ಒಂದ್ ಮಾತು. ನಾನು ಎಡಗಡೆ ಕಾಲು ಹಾಕಲ್ಲ, ಭುಜ ಮಾತ್ರ ಬಗ್ಗಿಸ್ತೀನಿ ಅಂತ ನಿಮ್ಗೆ ಹೆಂಗ್ ಗೊತ್ತಾಯ್ತು?"

ನೋಡಿದ್ದೆ, ಎಂದೆ.

"ಹುಡುಗನಾಗಿದ್ದಾಗಿಂದ ಆಡ್ತಾ ಇದೀನಿ. ಗೆದ್ರೆ ಹೊತ್ಕೊಂಡು ಕುಣೀತಾರೆ, ಸೋತ್ರೆ ಮನೆಗ್ ಹೋಗ್ತಾರೆ. ನಾನು ಹೆಂಗ್ ಆಡ್ತೀನಿ ಅಂತ ಇಷ್ಟು ದಿನ ಯಾರೂ ನೋಡಿರ್ಲಿಲ್ಲ ಕಣ್ರೀ. ನನ್ಗೇ ಗೊತ್ತಿರ್ಲಿಲ್ಲ." ಬ್ಯಾಟಿನ ಮೇಲಿನ ಧೂಳು ಒರೆಸಿದ. "ಪೇಪರ್ ಬಂದಾಗ ಕೋಪ ಬಂತು. ಆಮೇಲೆ ಅದನ್ನೇ ನಾಕೈದು ಸಲ ಓದ್ಸಿ ಕೇಳ್ದೆ."

ಏನಾದರೂ ಹೇಳಬೇಕೆಂದು, ಷೀಲ್ಡು ಹೋಯಿತಲ್ಲಪ್ಪ, ನನ್ನಿಂದಲೇ ಹೋಯಿತಲ್ಲ, ಎಂದೆ.

"ಹೋಯ್ತು. ಹೊಟ್ಟೆ ಉರೀತದೆ, ಇಲ್ಲ ಅನ್ನಲ್ಲ," ಎಂದ. ಆಮೇಲೆ ನನ್ನ ಕಡೆ ತಿರುಗಿ, ನಿಜವಾದ ದೂರು ಇದೇ ಎಂಬಂತೆ ಕೇಳಿದ, "ಅದ್ಸರಿ, ಎಡಗಡೆದು ಬರೆದ್ರಿ. ಬಲಗಡೆ ಏನಾಯ್ತು ಮೇಷ್ಟ್ರೇ ಕೊನೇಲಿ? ಅದು ಯಾಕೆ ಹಂಗಾಯ್ತು?"

ನಾನು ಎದ್ದು ನಿಂತೆ. ಯೋಚಿಸಬೇಕಾಗಿಯೇ ಇರಲಿಲ್ಲ. ಅವನ ಭಾರವೆಲ್ಲ ಎಡಗಾಲ ಮೇಲಿತ್ತು. ಬಲಕ್ಕೆ ತಿರುಗಬೇಕಾದರೆ ಮೊದಲು ಹಿಮ್ಮಡಿ ಎತ್ತಬೇಕಿತ್ತು, ಅವನು ಸೊಂಟ ತಿರುಗಿಸಿದ. ನನ್ನ ಛತ್ರಿಯನ್ನು ಬ್ಯಾಟಿನಂತೆ ಹಿಡಿದು ತೋರಿಸಿದೆ. ಅವನು ಎದ್ದು ನಿಂತು ಹಾಗಲ್ಲ ಹೀಗೆ ಎಂದ. ಹಾಗೇ, ಎಂದೆ ನಾನು. ಅವನು ಇಲ್ಲದ ಚೆಂಡನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊಡೆದ. ಮಂಡಿ ಹಿಡಿಯಿತು, ನಕ್ಕ, ಮತ್ತೆ ಹೊಡೆದ. ನಾನು ಇಲ್ಲದ ನೆಟ್ಟಿನ ಈಚೆ ನಿಂತು ಛತ್ರಿಯಿಂದ ಚೆಂಡು ಕೊಟ್ಟೆ. ಅಟ್ಟಕ್ಕೆ ಹೋಗಬೇಕಾಗಿದ್ದ ಬ್ಯಾಟು ಹಾಗೆ ಬೀಸುತ್ತಿರುವುದನ್ನು ನೋಡಿ ನನಗೆ ಎಲ್ಲಿಲ್ಲದ ಖುಷಿಯಾಗಿ, ಮುಂದಿನ ವರ್ಷ ಬಲಗಡೆ ಸರಿಹೋದರೆ ಚಿಂತಾಮಣಿಯವರಿಗೆ ಉಸಿರಾಡಲೂ ಬಿಡುವುದಿಲ್ಲ ನೋಡು, ಎಂದು ಶುರು ಮಾಡಿದೆ.

"ರೀ ಮೇಷ್ಟ್ರೇ!" ಎಂದು ಯಾರೋ ಕೂಗಿದರು. ರೈಲು ಬಂದು ನಿಂತದ್ದೂ ನಮಗೆ ತಿಳಿದಿರಲಿಲ್ಲ. ಕೊನೆಯ ಡಬ್ಬಿಯ ಬಾಗಿಲಲ್ಲಿ ಗಾರ್ಡು ಹಸಿರು ಬಾವುಟ ಹಿಡಿದು ನಿಂತಿದ್ದ. "ಮುಂದಿನ ವರ್ಷದ ಮಾತು ಆಮೇಲ್ ಆಡ್ಕೊಳ್ಳಿ. ಇವತ್ತಿನ ಗಾಡಿ ಹೊರಡ್ತಾ ಐತೆ!"

ಗಾಡಿ ಜರುಗಿತು. ಅವನು ಬ್ಯಾಟು ಹಿಡಿದು ಕುಂಟುತ್ತ, ನಾನು ಛತ್ರಿ ಹಿಡಿದು ಏದುಸಿರು ಬಿಡುತ್ತ, ಇಬ್ಬರೂ ಓಡಿದೆವು.

"ಸಿಗುತ್ತಾ ಮೇಷ್ಟ್ರೇ?" ಎಂದು ಓಡುತ್ತಲೇ ಕೇಳಿದ ಆಂಜಿನಪ್ಪ.

ಈ ಸಲ ನಾನು ಭವಿಷ್ಯ ನುಡಿಯಲಿಲ್ಲ. ಓಡುವವನಿಗೆ ಉಸಿರು ಬೇಕು.